ಆಕಾಶಗಂಗೆಯ ಆಚೆಗಿನ ಮನೆಗಳು

ಕರೆಂಟು ಹೋದ ರಾತ್ರಿ ಅಂಗಳಕ್ಕೆ ಬಂದು ತಲೆಯೆತ್ತಿದರೆ ಆಕಾಶಗಂಗೆಯನ್ನು ಹೊಗಳದೆ ಇರೋದು ಹ್ಯಾಗೆ ಹೇಳಿ? ಆದರೆ ಅದನ್ನು ಕಂಡು ತಲೆ ಚಚ್ಚಿಕೊಳ್ಳುವ ಜನರೂ ಇದ್ದಾರೆ. ಬೇರೆ ಗೆಲಾಕ್ಸಿಗಳ ನಕ್ಷೆ ಬರೆಯುವವರು ಅವರು. ನಮ್ಮದೇ ಗೆಲಾಕ್ಸಿಯ ದೂಳು ಅವರ ಕಣ್ಣಿಗೆ ಅಡ್ಡ. ಹಳೆಯ ನಕ್ಷೆಗಳಲ್ಲಿ ಆಕಾಶಗಂಗೆ ಹರಿದಲ್ಲೆಲ್ಲ ಬೋಳು ಪಟ್ಟಿ. ಅದಕ್ಕೆ 'ಝೋನ್ ಆಫ್ ಅವಾಯ್ಡೆನ್ಸ್' ಅಂತ ಹೆಸರು ಬೇರೆ. ಗೆಲಾಕ್ಸಿಗಳೇ ಮುನಿಸಿಕೊಂಡು ಆ ಕಡೆ ಬರೋದು ಬಿಟ್ಟವೇನೋ ಅನ್ನೋ ಹಾಗೆ!

ದೂಳಿಗೆ ಒಂದು ದೌರ್ಬಲ್ಯವಿದೆ. ಕಣ್ಣಿಗೆ ಕಾಣುವ ಬೆಳಕನ್ನು ಅದು ನುಂಗುತ್ತದೆ. ಕೆಂಪಿನಾಚೆಯ ಅವಕೆಂಪು ಬೆಳಕನ್ನು ಅಷ್ಟಾಗಿ ತಡೆಯಲಾರದು. 2.2 ಮೈಕ್ರಾನ್ ಆಸುಪಾಸಿನಲ್ಲಿ ನೋಡಿದರೆ ದೂಳಿನ ಕಾಟ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಇನ್ನೊಂದು ಲಾಭವೂ ಇದೆ. ಗೆಲಾಕ್ಸಿಯೊಂದರ ನಕ್ಷತ್ರಗಳ ತೂಕದಲ್ಲಿ ಬಹುಪಾಲು ಹಳೆಯ, ತಣ್ಣನೆಯ ನಕ್ಷತ್ರಗಳದ್ದು. ಅವು ಚೆನ್ನಾಗಿ ಬೆಳಗೋದು ಈ ಬೆಳಕಿನಲ್ಲೇ. ಅಂದರೆ ಅವಕೆಂಪಿನಲ್ಲಿ ಆರಿಸಿದ ಪಟ್ಟಿ ಹೆಚ್ಚುಕಡಿಮೆ ತೂಕ ನೋಡಿ ಆರಿಸಿದ ಪಟ್ಟಿ.

1997ರಿಂದ 2001ರವರೆಗೆ '2ಮಾಸ್' ಎಂಬ ಸಮೀಕ್ಷೆ ಹೀಗೆ ಇಡೀ ಆಕಾಶವನ್ನು ಗುಡಿಸಿತು. ಅಮೆರಿಕದ ಅರಿಜೋನಾದಲ್ಲಿ ಒಂದು, ಚಿಲಿಯಲ್ಲಿ ಒಂದು, ಎರಡೇ ದೂರದರ್ಶಕ. ಕನ್ನಡಿಯ ಅಗಲ 1.3 ಮೀಟರ್. ಸಿಕ್ಕಿದ್ದು ಸುಮಾರು 16 ಲಕ್ಷ ಮಸುಕು ಮಚ್ಚೆಗಳು, ಬಹುತೇಕ ಗೆಲಾಕ್ಸಿಗಳೇ. ಆದರೆ ಫೋಟೋದಲ್ಲಿ ಎಲ್ಲವೂ ಒಂದೇ ಪರದೆಗೆ ಅಂಟಿಸಿದ ಹಾಗೆ. ಯಾವುದು ಹತ್ತಿರ, ಯಾವುದು ದೂರ?

ಇಲ್ಲಿ ನನಗೆ ಅಮ್ಮನ ಜನಗಣತಿ ನೆನಪಾಗುತ್ತದೆ. ಅಮ್ಮ ಪ್ರೈಮರಿ ಸ್ಕೂಲ್ ಟೀಚರು; 1991ರ ಗಣತಿಗೆ ಅವರಿಗೂ ಡ್ಯೂಟಿ ಬಿದ್ದಿತ್ತು. ಮನೆಪಟ್ಟಿ ಮೊದಲೇ ಆಗಿತ್ತು, ಬಾಗಿಲುಗಳ ಮೇಲೆ ನಂಬರು ಬರೆದಿತ್ತು. ಫೆಬ್ರವರಿಯಲ್ಲಿ ಆ ನಂಬರು ಹಿಡಿದು ಒಂದೊಂದೇ ಬಾಗಿಲು ತಟ್ಟಿ, ಯಾರಿದ್ದಾರೆ, ಎಷ್ಟು ಜನ ಅಂತ ಬರೆಯಬೇಕು. 2ಮಾಸ್ ಮಾಡಿದ್ದು ಮನೆಪಟ್ಟಿ. ಬಾಗಿಲು ತಟ್ಟುವ ಕೆಲಸವೇ ಕೆಂಪು ಪಲ್ಲಟದ ಅಳತೆ.

ಗೆಲಾಕ್ಸಿಯ ಬೆಳಕನ್ನು ಬಿಡಿಸಿ ಕಾಮನಬಿಲ್ಲಿನಂತೆ ಹರಡಿದರೆ ಅದರಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಕ್ಯಾಲ್ಸಿಯಂನ ಒಂದು ಗೆರೆ ಪ್ರಯೋಗಾಲಯದಲ್ಲಿ 393.4 ನ್ಯಾನೋಮೀಟರಿಗೆ ಬೀಳುತ್ತದೆ. ಗೆಲಾಕ್ಸಿಯೊಂದರಲ್ಲಿ ಅದೇ ಗೆರೆ 405.2ಕ್ಕೆ, ಅಂದರೆ ಕೆಂಪಿನ ಕಡೆಗೆ, ಸರಿದಿದೆ ಅನ್ನಿ. ಸರಿದದ್ದು ನೂರಕ್ಕೆ ಮೂರು ಪಾಲು. ಬೆಳಕಿನ ವೇಗದ ನೂರಕ್ಕೆ ಮೂರು ಪಾಲು ಎಂದರೆ ಸೆಕೆಂಡಿಗೆ 9,000 ಕಿ.ಮೀ. ವಿಶ್ವ ಹಿಗ್ಗುತ್ತಿರುವುದರಿಂದ ಹೆಚ್ಚು ದೂರದ್ದು ಹೆಚ್ಚು ವೇಗವಾಗಿ ಸರಿಯುತ್ತದೆ. ಆ ಲೆಕ್ಕದಲ್ಲಿ ಇದು ಸುಮಾರು 42 ಕೋಟಿ ಜ್ಯೋತಿರ್ವರ್ಷ ದೂರ. ಒಂದು ಗೆರೆ, ಒಂದು ಭಾಗಾಕಾರ, ಒಂದು ಗುಣಾಕಾರ. ಇಷ್ಟೇ!

ಇಷ್ಟೇ, ಆದರೆ ಎಷ್ಟು ಸಲ? ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್‌ನಲ್ಲಿ 2001ರಿಂದ 2006ರವರೆಗೆ ನಡೆದ '6ಡಿಎಫ್' ಸಮೀಕ್ಷೆಯವರು ಒಂದು ಉಪಾಯ ಮಾಡಿದ್ದರು. 1.2 ಮೀಟರಿನ ಷ್ಮಿಟ್ ದೂರದರ್ಶಕಕ್ಕೆ 150 ಗಾಜಿನ ಎಳೆಗಳು. ಪ್ರತಿ ಎಳೆಯ ತುದಿಯನ್ನು ಒಂದೊಂದು ಗೆಲಾಕ್ಸಿಯ ಜಾಗಕ್ಕೆ ಸರಿಯಾಗಿ ಕೂರಿಸಲು ಒಂದು ರೋಬೋಟ್. ಒಂದೇ ಸಲಕ್ಕೆ ನೂರೈವತ್ತು ಬಾಗಿಲು! ದಕ್ಷಿಣದ ಆಕಾಶದಲ್ಲಿ ಹೀಗೆ 1,25,071 ಗೆಲಾಕ್ಸಿಗಳ ಪಲ್ಲಟದ ಪಟ್ಟಿ ಸಿದ್ಧವಾಯಿತು. ಆಕಾಶಗಂಗೆಯ ಎರಡೂ ಬದಿಗೆ ಹತ್ತು ಡಿಗ್ರಿಯಷ್ಟನ್ನು ಮಾತ್ರ ಅವರೂ ಬಿಟ್ಟರು.

ಇನ್ನೊಬ್ಬರ ದಾರಿ ಹಳೇ ಕಾಲದ್ದು. ಜಾನ್ ಹುಕ್ರಾ ಅಂತ, ಹಾರ್ವರ್ಡ್-ಸ್ಮಿತ್ಸೋನಿಯನ್ ಕೇಂದ್ರದವರು. 1986ರಲ್ಲಿ ಡಿ ಲಾಪರಾಂ ಮತ್ತು ಮಾರ್ಗರೆಟ್ ಗೆಲ್ಲರ್ ಜೊತೆ ಸುಮಾರು 1,100 ಗೆಲಾಕ್ಸಿಗಳ ನಕ್ಷೆ ಪ್ರಕಟಿಸಿ, ಗೆಲಾಕ್ಸಿಗಳು ನೊರೆಯ ಗುಳ್ಳೆಗಳ ಮೇಲ್ಮೈಯಲ್ಲಿರುವಂತೆ ಹರಡಿವೆ ಎಂದು ತೋರಿಸಿದವರು. 2ಮಾಸ್ ಪಟ್ಟಿಯ ಅತಿ ಪ್ರಕಾಶಮಾನವಾದ ಸುಮಾರು 45,000 ಗೆಲಾಕ್ಸಿಗಳನ್ನು ಇಡೀ ಆಕಾಶದಲ್ಲಿ, ಆಕಾಶಗಂಗೆಯ ಅಂಚಿನವರೆಗೂ, ಅಳೆಯಬೇಕು ಅನ್ನೋದು ಅವರ ಹಟ. ಇದಕ್ಕೆ '2ಎಮ್‌ಆರ್‌ಎಸ್' ಎಂದು ಹೆಸರು. ಬೇರೆಯವರು ಅಳೆದದ್ದನ್ನು ಬಳಸಿಕೊಂಡರು. ಮಿಕ್ಕಿದ್ದನ್ನು ಅರಿಜೋನಾದ ಒಂದೂವರೆ ಮೀಟರಿನ ದೂರದರ್ಶಕದಂಥವುಗಳಲ್ಲಿ ಒಂದೊಂದಾಗಿ ಅಳೆದರು.

ಇಲ್ಲೊಂದು ತಮಾಷೆ ಇದೆ. ಆರಿಸಿದ್ದು ಅವಕೆಂಪಿನಲ್ಲಿ, ಆದರೆ ಗೆರೆ ಹುಡುಕಿದ್ದು ಹೆಚ್ಚಾಗಿ ಕಾಣುವ ಬೆಳಕಿನಲ್ಲಿ. ಮನೆ ಕಾಣುತ್ತದೆ, ಬಾಗಿಲು ತಟ್ಟಲು ಹೋದರೆ ಮತ್ತೆ ದೂಳು! ಹಾಗಾಗಿ ಕೊನೆಗೆ ಉಳಿದವು ಆಕಾಶಗಂಗೆಯ ಮಗ್ಗುಲಿನವೇ.

ಹುಕ್ರಾ 2010ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅರವತ್ತೊಂದು ವಯಸ್ಸು. 43,533 ಗೆಲಾಕ್ಸಿಗಳ ಪಲ್ಲಟವಿದ್ದ ಪ್ರಬಂಧ ಅಚ್ಚಾದದ್ದು 2012ರಲ್ಲಿ. ಮೊದಲ ಹೆಸರು ಅವರದ್ದೇ. ನೂರಕ್ಕೆ ತೊಂಬತ್ತೆಂಟು ಪಾಲು ಮುಗಿದಿತ್ತು. ಪರೀಕ್ಷೆಯಲ್ಲಿ ತೊಂಬತ್ತೆಂಟು ಬಂದರೆ ನಾವು ಊರಿಗೆಲ್ಲ ಪೇಡೆ ಹಂಚುತ್ತೇವೆ, ಅಲ್ವಾ?

ಅಮ್ಮನ ಪಟ್ಟಿಯಲ್ಲೂ ಹಳ್ಳದಾಚೆಯ ತೋಟದ ಮನೆಗಳು ಉಳಿದಿದ್ದವು. ಒಂದು ಮನೆಗೆ ಎರಡು ಸಲ ಹೋದರೂ ಬೀಗ. ಮೂರನೇ ಸಲ ಹೊರಟಾಗ ಅಪ್ಪ, "ಒಂದ್ ಮನೆ ಬಿಟ್ರೆ ದೇಶ ಮುಳುಗೋದಿಲ್ಲ ಮಾರಾಯ್ತಿ" ಅಂದರು. ಅಮ್ಮ ಚಪ್ಪಲಿ ಹಾಕಿಕೊಳ್ಳುತ್ತಲೇ, "ನಂಬರ್ ಬರ್ದಾಗಿದೆ, ಬಿಡೋದು ಹ್ಯಾಗೆ?" ಅಂದಿದ್ದರು.

ಆಗ ಅದು ಬರೀ ಹಟ ಅನ್ನಿಸಿತ್ತು. ಈಗ ಅನ್ನಿಸೋದು ಬೇರೆ. ಬಿಟ್ಟುಹೋಗುವ ಮನೆಗಳು ಊರಲ್ಲೆಲ್ಲ ಅಲ್ಲೊಂದು ಇಲ್ಲೊಂದು ಹರಡಿದ್ದರೆ ಚಿಂತೆಯಿಲ್ಲ. ಆದರೆ ಅವು ಯಾವಾಗಲೂ ಹಳ್ಳದಾಚೆಯವೇ ಆಗಿರುತ್ತವೆ. ನೂರಕ್ಕೆ ಎರಡು ಬಿಟ್ಟರೆ ಪಟ್ಟಿಯಲ್ಲಿ ಕಮ್ಮಿಯಾಗೋದು ಎರಡಲ್ಲ, ಒಂದಿಡೀ ಕೇರಿ.

ಆಕಾಶದಲ್ಲೂ ಹಾಗೇ. ನಮ್ಮ ಗೆಲಾಕ್ಸಿ, ಪಕ್ಕದ ಆಂಡ್ರೊಮಿಡಾ ಎಲ್ಲ ಸೇರಿದ ಗುಂಪು ಸೆಕೆಂಡಿಗೆ ಸುಮಾರು 620 ಕಿ.ಮೀ. ವೇಗದಲ್ಲಿ ಒಂದು ಕಡೆ ಸಾಗುತ್ತಿದೆ. ಎಳೆಯುವವರು ಯಾರು? ಸುತ್ತಲಿನ ಗೆಲಾಕ್ಸಿಗಳ ತೂಕವನ್ನೆಲ್ಲ ಕೂಡಿಸಿ ನೋಡಬೇಕು. 'ಗ್ರೇಟ್ ಅಟ್ರಾಕ್ಟರ್' ಎನ್ನುವ ಎಳೆಯುವ ಪ್ರದೇಶ ಇರೋದೇ ಆ ದೂಳಿನ ಪಟ್ಟಿಯ ಹಿಂದೆ. ಅದನ್ನು ಖಾಲಿ ಬಿಟ್ಟರೆ ನಾವು ಎತ್ತ ಹೊರಟಿದ್ದೇವೆ ಅನ್ನೋ ಲೆಕ್ಕವೇ ತಪ್ಪುತ್ತದೆ.

2019ರಲ್ಲಿ ಲೂಕಾಸ್ ಮಾಕ್ರಿ ಮತ್ತು ಸಂಗಡಿಗರು ಉಳಿದಿದ್ದ 1,041 ಗೆಲಾಕ್ಸಿಗಳ ಪಲ್ಲಟವನ್ನೂ ಪ್ರಕಟಿಸಿದರು. ಪಟ್ಟಿ ಮುಗಿಯಿತು. ಅದರಿಂದ ಯಾವ ಪತ್ರಿಕೆಯ ಮುಖಪುಟವೂ ತುಂಬಲಿಲ್ಲ ಬಿಡಿ. ಸತ್ತವರ ಹೆಸರಲ್ಲಿ ಭಾಷಣ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವರ ಪಟ್ಟಿ ಹಿಡಿದು ಬೀಗ ಹಾಕಿದ ಮನೆಗೆ ಮೂರನೇ ಸಲ ಹೋಗುವವರು ಎಷ್ಟು ಜನ?