ಸಾಧು ಗಂಟು, ದುಷ್ಟ ಗಂಟು

ನಾಯಿ ಯಜಮಾನನನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ ಎಂದು ಹಿರಿಯರು ಹೇಳುತ್ತಾರೆ. ಮುಂಬಯಿಯಂಥ ಊರಿನಲ್ಲಿ ಮನೆಯೆಂದರೆ ಒಂದು ಕೋಣೆ, ಒಂದು ಅಡಿಗೆಮನೆ. ಬೆಕ್ಕು ನಂಬುವುದಾದರೂ ಏನನ್ನು? ಆದರೂ ಅದು ನಂಬುತ್ತದೆ. ಕಿಟಕಿಯ ಬಳಿ ಒಂದು ಗೇಣು ಬಿಸಿಲು, ಹೊತ್ತಿಗೆ ಸರಿಯಾಗಿ ಒಂದು ತುತ್ತು ಸಿಕ್ಕರೆ ಅದರ ಸಂಸಾರ ಸಾಗುತ್ತದೆ. ಆದರೆ ಬೆಕ್ಕಿಗೆ ಒಂದು ದುರ್ಗುಣವುಂಟು: ತನ್ನ ನೋವನ್ನು ಅದು ಯಾರಿಗೂ ಹೇಳಿಕೊಳ್ಳುವುದಿಲ್ಲ. ಅದು ಹೇಳದ್ದನ್ನು ಕಂಡುಹಿಡಿಯುವ ಕೆಲಸ ಸಾಕಿದವರ ಪಾಲಿಗೆ ಬರುತ್ತದೆ.

ನಮ್ಮ ಚಿನ್ನಿಗೆ ಎಂಟು ತಿಂಗಳಾಗಿದ್ದಾಗ ಮೊದಲ ಸಲ ಬೆದೆ ಬಂದಿತು. ರಾತ್ರಿಯೆಲ್ಲ ಅದು ಹಾಡಿದ ಹಾಡಿಗೆ ಇಡೀ ಚಾಳೇ ಎದ್ದು ಕುಳಿತಿತು. ಗದ್ದಲ ಮುಗಿಯಿತೆಂದು ನಾವು ಉಸಿರುಬಿಟ್ಟು ಎರಡು ವಾರ ಕಳೆದಿರಲಿಲ್ಲ, ಅದರ ಹೊಟ್ಟೆಯ ಕೆಳಗೆ ಬಾವು ಕಾಣಿಸಿಕೊಂಡಿತು. ಬೆಕ್ಕಿಗೆ ಮೊಲೆಗಳು ಸಾಮಾನ್ಯವಾಗಿ ನಾಲ್ಕು ಜೊತೆ. ಎಂಟೂ ಊದಿಕೊಂಡವು. ನಾಲ್ಕೈದು ದಿನಗಳಲ್ಲಿ ಹಿಂದಿನ ಜೊತೆ ನಿಂಬೆಹಣ್ಣಿನಷ್ಟು ದಪ್ಪವಾಗಿ, ಚರ್ಮ ಬಿಗಿದು ಕೆಂಪಾಯಿತು. ಪಾಪ, ಅದಕ್ಕೆ ಕಾಲು ಕೂಡಿಸಿ ನಡೆಯಲೂ ಆಗದು.

ಮೇಲಿನ ಮಹಡಿಯ ಮಾಮಿ ಬಂದು ನೋಡಿ, "ಇದು ಕ್ಯಾನ್ಸರೇ, ಇನ್ನೇನಲ್ಲ. ಯಾಕೆ ಸುಮ್ಮನೆ ನರಳಿಸುತ್ತೀರಿ? ಒಂದು ಸೂಜಿ ಹಾಕಿಸಿ ಕಳಿಸಿಕೊಟ್ಟುಬಿಡಿ" ಎಂದರು. ಅವರು ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೆ ನಮ್ಮ ಮನೆಯಲ್ಲಿ ಆ ಶಬ್ದವನ್ನು ಯಾರೂ ಆಡುತ್ತಿರಲಿಲ್ಲ. ನನ್ನ ಹೆಂಡತಿಯ ಅಕ್ಕ ಅದೇ ರೋಗದಿಂದ, ಅದೇ ಜಾಗದಲ್ಲಿ ಗಂಟಾಗಿ, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಇವಳು ಒಂದು ಮಾತೂ ಆಡದೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟು, "ನಡೆಯಿರಿ, ಡಾಕ್ಟರಲ್ಲಿಗೆ ಹೋಗೋಣ" ಎಂದಳು.

ಪಶುವೈದ್ಯರು ನಮ್ಮ ಧಾರವಾಡದ ಕಡೆಯವರು. ಬೆಕ್ಕನ್ನು ಮುಟ್ಟುವ ಮೊದಲೇ ಪ್ರಶ್ನೆ ಕೇಳತೊಡಗಿದರು. ವಯಸ್ಸೆಷ್ಟು? ಬೆದೆ ಯಾವಾಗ ಬಂದಿತ್ತು? ಬೆದೆ ತಡೆಯಲು ಏನಾದರೂ ಮಾತ್ರೆ, ಸೂಜಿ ಕೊಡಿಸಿದ್ದುಂಟೋ? ಊದಿದ್ದು ಒಂದು ಮೊಲೆಯೋ, ಎಲ್ಲವೋ? ಎಷ್ಟು ದಿನದಲ್ಲಿ? ಆಮೇಲೆ ಒಂದೊಂದನ್ನೇ ಮೆಲ್ಲಗೆ ಮುಟ್ಟಿ ನೋಡಿ ಹೇಳಿದರು: "ಅಕ್ಕಾರ, ಅಳಬ್ಯಾಡ್ರಿ. ಇದು ಕ್ಯಾನ್ಸರ್ ಅಲ್ರಿ. ಹರೇದ ಬೆಕ್ಕಿಗೆ ಹಿಂಗ ಆಗತದ."

ಅವರು ವಿವರಿಸಿದ್ದು ಇಷ್ಟು. ಬೆದೆಯ ನಂತರ ಮೈಯಲ್ಲಿ ಪ್ರೊಜೆಸ್ಟರೋನ್ ಎಂಬ ರಸ ಹುಟ್ಟುತ್ತದೆ. ಕೆಲವು ಎಳೆಯ ಬೆಕ್ಕುಗಳ ಸ್ತನಗ್ರಂಥಿಗಳು ಅದಕ್ಕೆ ಅತಿಯಾಗಿ ಓಗೊಟ್ಟು, ಒಳಗಿನ ನಾಳಗಳೂ ಸುತ್ತಲಿನ ನಾರಿನ ಅಂಶವೂ ಒಟ್ಟಿಗೆ ಬೆಳೆದುಬಿಡುತ್ತವೆ. ಬಸುರಿ ಬೆಕ್ಕಿಗೂ ಆಗಬಹುದು. ಅದೇ ಗುಣದ ಔಷಧಿ ಕೊಟ್ಟರೆ ಬೀಜ ಒಡೆಸಿದ ಗಂಡುಬೆಕ್ಕಿಗೂ ಆಗಬಹುದು! ಇದನ್ನು ಫೈಬ್ರೋಅಡಿನೋಮಾ ತರಹದ ಬೆಳವಣಿಗೆ ಎನ್ನುತ್ತಾರೆ. ನೋಡುವುದಕ್ಕೆ ಗಡ್ಡೆ, ನಿಜಕ್ಕೂ ಗಡ್ಡೆಯಲ್ಲ. ಹಾಗೆಂದು ಅಲಕ್ಷ್ಯ ಮಾಡತಕ್ಕದ್ದೂ ಅಲ್ಲ. ಬಿಗಿದ ಚರ್ಮ ಒಡೆದು ಹುಣ್ಣಾಗಿ ಕೀವು ತುಂಬಬಹುದು. ಅಂಡಾಶಯವನ್ನು ತೆಗೆದರೆ ರಸದ ಮೂಲವೇ ಹೋಗುತ್ತದೆ. ಇಲ್ಲವೇ ಆ ರಸವನ್ನು ತಡೆಯುವ ಅಗ್ಲೆಪ್ರಿಸ್ಟೋನ್ ಎಂಬ ಔಷಧಿಯೂ ಉಂಟು. ಚಿನ್ನಿಗೆ ಶಸ್ತ್ರಚಿಕಿತ್ಸೆಯಾಯಿತು. ಹೊಟ್ಟೆಯ ಕೆಳಗೆ ಬಾವಿದ್ದುದರಿಂದ ಪಕ್ಕೆಯಲ್ಲಿ ಕೊಯ್ದರು. ಕೆಲವೇ ವಾರಗಳಲ್ಲಿ ನಿಂಬೆಹಣ್ಣುಗಳು ಕರಗಿಹೋದವು.

ಈ ಸಂತೋಷ ಸಮಾಚಾರ ಚಾಳಿನಲ್ಲೆಲ್ಲ ಹರಡಿದ ಮೇಲೆ ಪಕ್ಕದ ಮನೆಯ ಅಜ್ಜಿ ತಮ್ಮ ರಾಣಿಯನ್ನು ಎತ್ತಿಕೊಂಡು ಬಂದರು. ರಾಣಿಗೆ ಹನ್ನೊಂದು ವರ್ಷ. ಒಂದೇ ಒಂದು ಮೊಲೆಯ ಬಳಿ ಬಟಾಣಿಯಷ್ಟು ಗಟ್ಟಿ ಗಂಟು. "ನಿಮ್ಮದು ನಿಂಬೆಹಣ್ಣಿನಷ್ಟಿದ್ದದ್ದೇ ಕರಗಿತಲ್ಲಪ್ಪಾ, ಇದೇನು ಮಹಾ!" ಎಂದರು ಅಜ್ಜಿ. ಅವರನ್ನೂ ಒತ್ತಾಯಮಾಡಿ ಅದೇ ಡಾಕ್ಟರಲ್ಲಿಗೆ ಕರೆದೊಯ್ದೆವು. ಚಿನ್ನಿಯನ್ನು ನೋಡಿ ನಕ್ಕಿದ್ದ ಡಾಕ್ಟರು ಈ ಬಟಾಣಿಯನ್ನು ನೋಡಿ ನಗಲಿಲ್ಲ. ಬೆಕ್ಕಿನ ಸ್ತನದಲ್ಲಿ ಹುಟ್ಟುವ ನಿಜವಾದ ಗಂಟುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ದುಷ್ಟ ಜಾತಿಯವೇ ಎಂದರು. ನಾಯಿಗಾದರೆ ಸುಮಾರು ಅರ್ಧದಷ್ಟು ಸಾಧು.

ಹಾಗಾದರೆ ಸಾಧು ಯಾವುದು, ದುಷ್ಟ ಯಾವುದು ಎಂದು ತಿಳಿಯುವ ಬಗೆ ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯು 1974ರಲ್ಲಿ ಸಾಕುಪ್ರಾಣಿಗಳ ಸ್ತನದ ಗಂಟುಗಳಿಗೆ ಒಂದು ವರ್ಗೀಕರಣ ಮಾಡಿತು. 1999ರಲ್ಲಿ ಅದು ನಾಯಿ ಬೆಕ್ಕುಗಳಿಗಾಗಿ ಪರಿಷ್ಕೃತವಾಯಿತು. ಸಾಧುಗಳ ಪಂಕ್ತಿಯಲ್ಲಿ ಗ್ರಂಥಿಯ ಕೋಶಗಳೇ ಬೆಳೆದ ಅಡಿನೋಮಾ, ನಾರೂ ಸೇರಿಕೊಂಡ ಫೈಬ್ರೋಅಡಿನೋಮಾ, ನಾಳದೊಳಗೆ ಚಿಗುರಿನಂತೆ ಚಾಚುವ ಪ್ಯಾಪಿಲೋಮಾ ಇವೆ. ಗಂಟಿನ ವೇಷ ಹಾಕಿದ ನೀರುಗುಳ್ಳೆ, ಹಿಗ್ಗಿದ ನಾಳ, ಚಿನ್ನಿಗೆ ಆದಂಥ ಬೆಳವಣಿಗೆ ಇವಕ್ಕೆ ಬೇರೆ ಪಂಕ್ತಿ.

ಇವನ್ನು ಬೆರಳಿನಿಂದ ಬೇರೆಮಾಡಲಾಗದು. ಸೂಜಿಯಿಂದ ಹೀರಿ ತೆಗೆದರೆ ಬಿಡಿ ಕೋಶಗಳು ಸಿಕ್ಕುತ್ತವೆ. ಅವು ಇದ್ದ ಕ್ರಮ ಸಿಕ್ಕುವುದಿಲ್ಲ. ಗಂಟನ್ನು ತೆಗೆದು, ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸಾಧು ಗಂಟಿನಲ್ಲಿ ಕೋಶಗಳು ಒಂದೇ ರೂಪದವು, ಒಡೆದು ಎರಡಾಗುತ್ತಿರುವವು ವಿರಳ, ಸುತ್ತಲಿನ ಬೇಲಿ ಭದ್ರ. ದುಷ್ಟ ಗಂಟು ಬೇಲಿ ಹಾರಿ ನೆರೆಯ ಮಾಂಸದೊಳಕ್ಕೂ ರಸನಾಳದೊಳಕ್ಕೂ ನುಗ್ಗುತ್ತದೆ.

ರಾಣಿಯ ಗಂಟು ದುಷ್ಟವೇ ಎಂದು ವರದಿ ಬಂದಿತು. ಆದರೆ ಎರಡು ಸೆಂಟಿಮೀಟರಿಗಿಂತ ಚಿಕ್ಕದಿದ್ದಾಗಲೇ ತೆಗೆದರೆ ಬೆಕ್ಕು ಬಹುಕಾಲ ಬದುಕುವ ಆಸೆಯುಂಟು. ಮೂರನ್ನು ದಾಟಿದರೆ ಆ ಆಸೆ ಕಡಿಮೆ. ಆ ಪಕ್ಕದ ಸ್ತನಸಾಲನ್ನೆಲ್ಲ ಡಾಕ್ಟರು ತೆಗೆದರು. ರಾಣಿ ಇನ್ನೆರಡು ವರ್ಷ ಅಜ್ಜಿಯ ಮಡಿಲಲ್ಲಿ ಮಲಗಿ, ಕೊನೆಗೆ ಮೂತ್ರಪಿಂಡದ ರೋಗದಿಂದ ತೀರಿಕೊಂಡಿತು.

ಆದುದರಿಂದ ಬೆಕ್ಕು ಸಾಕಿರುವ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ಗಂಟಿನ ಗಾತ್ರ ನೋಡಿ ಎದೆಗೆಡಬೇಡಿ, ಗಾತ್ರ ನೋಡಿ ಸಮಾಧಾನವನ್ನೂ ಪಡಬೇಡಿ. ತಿಂಗಳಿಗೊಮ್ಮೆ ಅದರ ಮೈ ತಡವುವಾಗ ಹೊಟ್ಟೆಯ ಎರಡು ಸಾಲನ್ನೂ ಬೆರಳಿನಿಂದ ಮುಟ್ಟಿ ನೋಡಿ. ಮರಿ ಬೇಡವಾದರೆ ಆರು ತಿಂಗಳೊಳಗೆ ಸಂತಾನಹರಣ ಮಾಡಿಸಿ. ಹಾಗೆ ಮಾಡಿಸಿದ ಬೆಕ್ಕುಗಳಿಗೆ ಈ ಕ್ಯಾನ್ಸರಿನ ಭಯ ನೂರಕ್ಕೆ 91ರಷ್ಟು ತಗ್ಗುತ್ತದೆಂದು 2005ರ ಒಂದು ಅಧ್ಯಯನ ತಿಳಿಸಿದೆ. ಡಾಕ್ಟರನ್ನು ಕೇಳದೆ ಬೆದೆಯ ಮಾತ್ರೆ ಕೊಡಬೇಡಿ.

ನಮ್ಮ ಮನೆಯಲ್ಲಿ ಈಗ ಆ ಶಬ್ದವನ್ನು ಆಡುತ್ತೇವೆ. ಹೋದ ತಿಂಗಳು ನನ್ನ ಹೆಂಡತಿ ತಾನಾಗಿಯೇ ಆಸ್ಪತ್ರೆಗೆ ಹೋಗಿ ತನ್ನ ತಪಾಸಣೆಯನ್ನೂ ಮಾಡಿಸಿಕೊಂಡು ಬಂದಳು. ಎಲ್ಲವೂ ಸರಿಯಾಗಿತ್ತು. ಮುಂದಿನ ವಾರ ತನ್ನ ತಂಗಿಯನ್ನೂ ಕರೆದುಕೊಂಡು ಹೋಗುವವಳಿದ್ದಾಳೆ.