ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳುವ ಮೀನು

ಮಗಳಿಗೆ ನೀಮೋ ಹುಚ್ಚು ಹಿಡಿದು ತಿಂಗಳಾಯಿತು. 2003ರ ಆ ಸಿನಿಮಾ ಹಾಕದಿದ್ದರೆ ತುತ್ತು ಒಳಗೆ ಇಳಿಯುವುದಿಲ್ಲ. ಅವಳ ಪ್ರಶ್ನೆಗಳಿಗೆ ಉತ್ತರ ಹುಡುಕಲು ಹೋಗಿ ನಾನೇ ಆ ಮೀನಿನ ಬೆನ್ನು ಹತ್ತಿಬಿಟ್ಟೆ. ಕಿತ್ತಳೆ ಮೈ, ಮೂರು ಬಿಳಿ ಪಟ್ಟೆ. ಎಲ್ಲರ ಬಾಯಲ್ಲೂ ಅದು ಕ್ಲೌನ್ ಫಿಶ್. ನಾನಂತೂ ಕೋಡಂಗಿ ಮೀನು ಅಂತಲೇ ಕರೆಯೋದು!

ಇದರಲ್ಲಿ ಪರ್ಕ್ಯುಲಾ ಅಂತ ಒಂದು ಜಾತಿ. ಪಪುವಾ ನ್ಯೂಗಿನಿಯ ಹವಳದ ದಿಬ್ಬಗಳಲ್ಲಿ ಸಂಸಾರ ಹೂಡಿರುತ್ತದೆ. ಮನೆ ಅಂದರೆ ಸೀ ಅನಿಮೋನ್. ನೋಡಲು ಹೂವು, ನಿಜದಲ್ಲಿ ಪ್ರಾಣಿ. ಬಳುಕುವ ಎಸಳುಗಳ ತುಂಬ ಚುಚ್ಚಿ ವಿಷ ಬಿಡುವ ಕಣಗಳು. ಬೇರೆ ಸಣ್ಣ ಮೀನು ಸಿಕ್ಕಿಕೊಂಡರೆ ಕಥೆ ಮುಗಿಯಿತು. ಕೋಡಂಗಿಗೆ ಮಾತ್ರ ಮೈಮೇಲಿನ ಲೋಳೆಯೇ ರಕ್ಷೆ. ಪುಕ್ಕಟೆ ಏನೂ ಇರುವುದಿಲ್ಲ ಬಿಡಿ. ಅನಿಮೋನನ್ನು ಕಚ್ಚಲು ಬಂದ ಮೀನುಗಳನ್ನು ಅಟ್ಟಿಸಿಕೊಂಡು ಹೋಗುತ್ತದೆ. ಅದರ ಮಲಮೂತ್ರ ಅನಿಮೋನಿನೊಳಗೆ ವಾಸವಾಗಿರುವ ಪಾಚಿಗೆ ಗೊಬ್ಬರ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಈ ಮನೆಯೊಳಗಿನ ಕಟ್ಟಳೆ. ಎಲ್ಲಕ್ಕಿಂತ ದೊಡ್ಡ ಮೀನು ಹೆಣ್ಣು, ಅವಳೇ ಯಜಮಾನಿ. ಎರಡನೆಯದು ಅವಳ ಗಂಡ. ಆಮೇಲೆ ಕೆಲವು ಕಿರಿಯರು, ಒಂದಕ್ಕಿಂತ ಒಂದು ಚಿಕ್ಕದು. ಯಜಮಾನಿ ಸತ್ತರೆ ಗಂಡನೇ ಹೆಣ್ಣಾಗುತ್ತಾನೆ, ಉಳಿದವರೆಲ್ಲ ಒಂದೊಂದು ಮೆಟ್ಟಿಲು ಮೇಲೆ. ಸರದಿ ಬರುವವರೆಗೆ ಕಿರಿಯ ಮೀನು ತನ್ನ ಬೆಳವಣಿಗೆಯನ್ನೇ ತಡೆಹಿಡಿಯುತ್ತದಂತೆ! ಪೀಟರ್ ಬಸ್ಟನ್ ಎಂಬ ವಿಜ್ಞಾನಿ 2003ರಲ್ಲಿ ಇದನ್ನು ತೋರಿಸಿಕೊಟ್ಟರು. ಮೇಲಿನವರ ಅಳತೆಗೆ ಬಂದರೆ ಜಗಳ, ಜಗಳವಾದರೆ ಮನೆಯಿಂದ ಹೊರಗೆ. ಹೊರಗೆ ಹೋದವನನ್ನು ದೊಡ್ಡ ಮೀನುಗಳು ಉಳಿಸುವುದಿಲ್ಲ.

ಇದನ್ನು ಓದುವಾಗ ನನಗೆ ಅಮ್ಮನ ನೆನಪಾಯಿತು. ತುಂಬಿದ ಮನೆಗೆ ನಾಲ್ಕನೇ ಸೊಸೆಯಾಗಿ ಬಂದವಳು. ಎಲ್ಲರ ಊಟವಾದ ಮೇಲೆ ಅವಳ ಊಟ, ಎಲ್ಲರೂ ಮಲಗಿದ ಮೇಲೆ ಉಳಿದ ಜಾಗದಲ್ಲಿ ಅವಳ ಚಾಪೆ. ಚೆನ್ನಾಗಿ ಹಾಡುತ್ತಿದ್ದಳಂತೆ. ನಾನು ಕೇಳಿದ್ದು ಒಲೆಯ ಮುಂದಿನ ಗುನುಗು ಮಾತ್ರ. "ಹೊಂದಿಕೊಂಡು ಹೋಗಬೇಕಪ್ಪ" ಅನ್ನುವುದು ಅವಳ ಮಾತು. ನಮ್ಮ ಬೆಂಗಳೂರಿನ "ಸ್ವಲ್ಪ ಅಡ್ಜಸ್ಟ್ ಮಾಡಿ" ಇದ್ದಹಾಗೆ.

ಈ ಮೀನಿನ ಅಡ್ಜಸ್ಟ್‌ಮೆಂಟ್ ಇನ್ನೂ ಮುಂದಕ್ಕೆ ಹೋಗುತ್ತದೆ ಕೇಳಿ. 2023ರಲ್ಲಿ ಪಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯ ನೀರು ಅತಿಯಾಗಿ ಕಾದಿತ್ತು. ವಿಜ್ಞಾನಿಗಳು ಅಲ್ಲಿ 134 ಕೋಡಂಗಿ ಮೀನುಗಳನ್ನು ತಿಂಗಳು ತಿಂಗಳು ಅಳೆದರು. ಬಹುಪಾಲು ಮೀನುಗಳು ಕುಗ್ಗಿದ್ದವು! ಸೊರಗಿದ್ದಲ್ಲ, ಉದ್ದವೇ ಕಡಿಮೆಯಾಗಿತ್ತು. ಹಾಗೆ ಕುಗ್ಗಿದವು ಬದುಕಿ ಉಳಿಯುವ ಸಾಧ್ಯತೆ ಹೆಚ್ಚಿತ್ತು. ಗಂಡ ಹೆಂಡತಿ ಇಬ್ಬರೂ ಕುಗ್ಗಿದರೆ ಇನ್ನೂ ಒಳ್ಳೆಯದು. 2025ರಲ್ಲಿ ಈ ಸುದ್ದಿ ಹೊರಬಂದಾಗ ಪತ್ರಿಕೆಗಳೆಲ್ಲ "ಆಹಾ, ಎಂಥ ಜಾಣ ಮೀನು" ಎಂಬ ಧಾಟಿಯಲ್ಲಿ ಬರೆದವು.

ಅದೇ 2023ರಲ್ಲಿ ಕೆಂಪು ಸಮುದ್ರದಲ್ಲೂ ನೀರು ಕಾದಿತ್ತು. ಅಲ್ಲಿರುವುದು ಕೋಡಂಗಿಯ ಇನ್ನೊಂದು ಜಾತಿ. ಬಿಸಿಗೆ ಪಾಚಿಯನ್ನು ಕಳೆದುಕೊಂಡ ಅನಿಮೋನುಗಳು ಬೆಳ್ಳಗೆ ಬಿಳಿಚಿಕೊಂಡವು, ಬಹುಪಾಲು ಸತ್ತವು. ವಿಜ್ಞಾನಿಗಳು ಗಮನಿಸುತ್ತಿದ್ದ ಮೂರು ದಿಬ್ಬಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕೋಡಂಗಿಗಳೂ ಹೋದವು. ಮನೆಯೇ ಹೋದ ಮೇಲೆ ಎಷ್ಟು ಕುಗ್ಗಿದರೇನು?

ಹೊಂದಿಕೊಳ್ಳುವವರನ್ನು ಹೊಗಳುವುದು ನಮಗೆ ಬಲು ಸುಲಭ. ಹೊಗಳಿ, ನೀರನ್ನು ಇನ್ನಷ್ಟು ಕಾಯಿಸುತ್ತೇವೆ. ಅಮ್ಮನನ್ನೂ ಊರೆಲ್ಲ ಹೊಗಳುತ್ತಿತ್ತು. ಹಾಡು ಅಂತ ಯಾರೂ ಅನ್ನಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಕೋಡಂಗಿ ಮೀನು ಇದ್ದಾರೆಯೇ? ಇದ್ದರೆ, ಅವರು ಇವತ್ತು ಎಷ್ಟು ಹೊತ್ತಿಗೆ ಊಟ ಮಾಡಿದರು?