ಹದಿನೈದು ಆಂಪಿನ ಹಂಗು

ಕರೆಂಟ್ ಕಾರು ಕೊಂಡವನನ್ನು ಜನ ಕೇಳುವುದು ಮೂರೇ ಪ್ರಶ್ನೆ. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಓಡುತ್ತೆ? ಬ್ಯಾಟರಿ ಎಷ್ಟು ವರ್ಷ ಬರುತ್ತೆ? ನಡುದಾರಿಯಲ್ಲಿ ಖಾಲಿಯಾದರೆ ಏನು ಗತಿ? ಮದುವೆಮನೆಯ ಪಂಕ್ತಿಯಲ್ಲಿ, ಲಿಫ್ಟಿನಲ್ಲಿ, ಕೊನೆಗೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಾಗಲೂ ನನಗೆ ಇವು ಎದುರಾಗಿವೆ. ಉತ್ತರ ಬಾಯಿಪಾಠವಾಗಿಬಿಟ್ಟಿದೆ: ಕಂಪನಿಯವರು ಮುನ್ನೂರು ಚಿಲ್ಲರೆ ಕಿಲೋಮೀಟರ್ ಅನ್ನುತ್ತಾರೆ, ನನ್ನ ಕಾಲಿಗೆ ಇನ್ನೂರು ದಾಟುತ್ತದೆ, ಬ್ಯಾಟರಿಗೆ ಎಂಟು ವರ್ಷದ ವಾರಂಟಿ ಇದೆ, ಖಾಲಿಯಾಗಲು ಬಿಡಬಾರದು, ಅಷ್ಟೆ. ಕೇಳಲೇಬೇಕಾದ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: "ರಾತ್ರಿ ಕಾರನ್ನು ಎಲ್ಲಿ ನಿಲ್ಲಿಸ್ತೀರಿ?"

ಪೆಟ್ರೋಲ್ ಕಾರು ಎಲ್ಲಿ ಬೇಕಾದರೂ ಮಲಗುತ್ತದೆ. ಹೊಂಗೆ ಮರದ ಕೆಳಗೆ, ಮೋರಿಯ ಚಪ್ಪಡಿ ಮೇಲೆ, ಪಕ್ಕದ ಬೀದಿಯಲ್ಲಿ ಯಾರದೋ ಗೇಟಿಗೆ ಅಡ್ಡವಾಗಿ. ಬೆಳಗ್ಗೆ ಬಂಕಿಗೆ ಹೋಗಿ "ಸಾವಿರಕ್ಕೆ ಹಾಕಪ್ಪ" ಅಂದರೆ ಐದು ನಿಮಿಷದ ಕೆಲಸ. ಹಾಕುವವನು ನೀವು ಯಾರು, ಎಲ್ಲಿಯವರು, ಸ್ವಂತ ಮನೆಯೋ ಬಾಡಿಗೆಯೋ ಎಂದು ವಿಚಾರಿಸುವುದಿಲ್ಲ. ಕರೆಂಟ್ ಕಾರಿಗೆ ಒಂದು ಗೋಡೆ ಬೇಕು, ಗೋಡೆಯಲ್ಲಿ ಹದಿನೈದು ಆಂಪಿನ ಪಾಯಿಂಟ್ ಬೇಕು, ಆ ಪಾಯಿಂಟಿನ ಹಿಂದೆ ನಿಮ್ಮ ಹೆಸರಿನ ಮೀಟರ್ ಇರಬೇಕು. ಇಲ್ಲವೋ, ಮೀಟರ್ ಯಾರ ಹೆಸರಲ್ಲಿದೆಯೋ ಅವರ ಹಂಗಿಗೆ ಬೀಳಬೇಕು.

ಈ ಗೋಡೆಯ ಗೋಳು ಬೆಂಗಳೂರಿಗೆ ಹೊಸದೇನಲ್ಲ. 2001ರಲ್ಲೇ ಚೇತನ್ ಮೈನಿ ಮತ್ತು ಅವರ ಸಂಗಡಿಗರು ಬೊಮ್ಮಸಂದ್ರದ ಕಾರ್ಖಾನೆಯಿಂದ ರೇವಾ ಕಾರನ್ನು ರಸ್ತೆಗಿಳಿಸಿದ್ದರು. ಎರಡು ಬಾಗಿಲು, ಎರಡೂವರೆ ಮೀಟರಿಗಿಂತ ಒಂಚೂರು ಉದ್ದ. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು, ಅದೂ ಅವರು ಜಗಳವಾಡದಿದ್ದರೆ. ಸೀಟಿನ ಕೆಳಗೆ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿ. ತುಂಬಿದರೆ ಎಂಬತ್ತು ಕಿಲೋಮೀಟರ್ ಓಟ. ನಮ್ಮ ಆಫೀಸಿನ ಹಿರಿಯರೊಬ್ಬರು ಒಂದನ್ನು ಇಟ್ಟುಕೊಂಡಿದ್ದರು. ಮೊದಲನೇ ಮಹಡಿಯ ಕಿಟಕಿಯಿಂದ ಒಂದು ದಪ್ಪ ಹಳದಿ ವೈರು ಇಳಿದು ಅವರ ಕಾರಿನ ಹೊಟ್ಟೆ ಸೇರುತ್ತಿತ್ತು. ಆ ವೈರಿನ ಇನ್ನೊಂದು ತುದಿ ಇದ್ದದ್ದು ಕಾಫಿ ಮಷೀನಿನ ಪಾಯಿಂಟಿನಲ್ಲಿ. ನಾಲ್ಕು ಗಂಟೆಗೆ ನಮಗೆ ಕಾಫಿ ಬೇಕೆಂದರೆ ಅವರ ಕಾರನ್ನು ಕೀಳಬೇಕು. "ಇನ್ನರ್ಧ ಗಂಟೆ ತಡೀರಪ್ಪ, ಜಯನಗರ ಮುಟ್ಟೋಷ್ಟಾಗಲಿ" ಎಂದು ಅವರು ಅಂಗಲಾಚುತ್ತಿದ್ದರು. ಶನಿವಾರ ಮಧ್ಯಾಹ್ನ ಸೀಟು ಎತ್ತಿ, ಕನ್ನಡಕವನ್ನು ಹಣೆಗೇರಿಸಿ, ಒಂದೊಂದೇ ಬಿರಡೆ ತಿರುಗಿಸಿ ಬ್ಯಾಟರಿಗಳಿಗೆ ಡಿಸ್ಟಿಲ್ಡ್ ವಾಟರ್ ಹನಿಸುವುದು ಅವರ ವ್ರತ. ನಾವು ಆಟಿಕೆ ಎಂದು ನಗುತ್ತಿದ್ದ ಆ ಗಾಡಿ 2004ರಿಂದ ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನಲ್ಲಿ ಓಡತೊಡಗಿತು. ಊರಿನ ನಡುಮಧ್ಯಕ್ಕೆ ಕಾರು ತರುವವರಿಂದ ಅಲ್ಲಿ ದಟ್ಟಣೆಯ ಸುಂಕ ವಸೂಲಿ ಮಾಡುತ್ತಿದ್ದರು, ಕರೆಂಟ್ ಗಾಡಿಗೆ ಆಗ ಅದು ಮಾಫಿ. ಅಲ್ಲಿನ ಕಾನೂನಿನ ಪ್ರಕಾರ ರೇವಾ ಕಾರೇ ಅಲ್ಲ, ನಾಲ್ಕು ಚಕ್ರದ ಹಗುರ ವಾಹನ ಅಷ್ಟೆ. ಆದರೂ ಕೊಂಡರು. ಸುಂಕ ಉಳಿಯುವುದಾದರೆ ಮರ್ಯಾದೆಯ ಪ್ರಶ್ನೆ ಯಾವ ದೇಶದಲ್ಲೂ ಏಳುವುದಿಲ್ಲ.

ನನ್ನ ಗೋಡೆಯ ಕಥೆಗೆ ಬರುತ್ತೇನೆ. ನಾವಿರುವುದು ಅಪಾರ್ಟ್‌ಮೆಂಟಿನಲ್ಲಿ, ಕಾರು ನಿಲ್ಲುವುದು ನೆಲಮಾಳಿಗೆಯಲ್ಲಿ, ಮೀಟರ್‌ಗಳಿರುವುದು ಇನ್ನೊಂದು ಮೂಲೆಯಲ್ಲಿ. ನನ್ನದೇ ಮೀಟರಿನಿಂದ ನನ್ನದೇ ಜಾಗಕ್ಕೆ ಒಂದು ಲೈನ್ ಎಳೆಸಿಕೊಳ್ಳಲು ಸಂಘದ ಸಭೆಯ ಒಪ್ಪಿಗೆ ಬೇಕಾಯಿತು. "ಬೆಂಕಿ ಹತ್ತಿಕೊಂಡ್ರೆ ಏನ್ಸಾರ್ ಮಾಡೋದು?" ಎಂದರು ಕಾರ್ಯದರ್ಶಿ. ಅದೇ ನೆಲಮಾಳಿಗೆಯಲ್ಲಿ ನಲವತ್ತು ಕಾರುಗಳ ಹೊಟ್ಟೆಯಲ್ಲಿ ಪೆಟ್ರೋಲ್ ತುಂಬಿಕೊಂಡಿರುವುದು ಅವರ ಗಮನಕ್ಕೆ ಬರಲಿಲ್ಲ. ಹಳೆಯ ಅಪಾಯಕ್ಕೆ ನಾವು ಒಗ್ಗಿಹೋಗಿರುತ್ತೇವೆ. ಕೊನೆಯ ಸಾಲಿನಲ್ಲಿ ಕೂತಿದ್ದ ನಿವೃತ್ತ ಎಂಜಿನಿಯರೊಬ್ಬರು ಕೇಳಿದ್ದೇ ಸರಿಯಾದ ಪ್ರಶ್ನೆ: "ಇವರೊಬ್ಬರಿಗೆ ಕೊಡೋಣ, ತೊಂದರೆಯಿಲ್ಲ. ನಾಳೆ ನಲವತ್ತೂ ಮನೆಯವರು ಕೇಳಿದ್ರೆ ಲೋಡ್ ಎಲ್ಲಿಂದ ತರ್ತೀರಿ?" ಒಂದೊಂದು ಕಾರೂ ಮೂರು ಗೀಸರ್ ಹೊತ್ತಿಸಿದಷ್ಟೇನೂ ಎಳೆಯುವುದಿಲ್ಲ, ಆದರೆ ಗೀಸರ್ ಕಾಲು ಗಂಟೆ ಉರಿದು ಆರುತ್ತದೆ, ಕಾರು ರಾತ್ರಿಯೆಲ್ಲ ಹೀರುತ್ತದೆ. ಅವರಿಗೆ ಯಾರೂ ಉತ್ತರ ಹೇಳಲಿಲ್ಲ. ಪೈಪಿನೊಳಗೇ ವೈರು ಎಳೆಸಬೇಕು, ಬೇರೆ ಎಂಸಿಬಿ ಹಾಕಿಸಬೇಕು, ಏನಾದರೂ ಆದರೆ ನಾನೇ ಹೊಣೆ ಎಂದು ಬರೆದುಕೊಡಬೇಕು ಎಂಬ ಷರತ್ತುಗಳ ಮೇಲೆ ನನಗೆ ಅಪ್ಪಣೆ ಸಿಕ್ಕಿತು.

ಗೋಡೆ ಸಿಕ್ಕ ಮೇಲೆ ಸುಖವೋ ಸುಖ. ತಿಂಗಳಿಗೆ ಸುಮಾರು ಸಾವಿರ ಕಿಲೋಮೀಟರ್ ಓಡಾಟ. ಹಳೆಯ ಪೆಟ್ರೋಲ್ ಕಾರು ಊರೊಳಗೆ ಲೀಟರಿಗೆ ಹದಿನೈದು ಕೊಟ್ಟರೆ ದೊಡ್ಡದು. ಲೀಟರಿಗೆ ನೂರು ದಾಟಿದ ಬೆಲೆಯಲ್ಲಿ ಆರೂವರೆ ಏಳು ಸಾವಿರ ಬಂಕಿನ ಪಾಲಾಗುತ್ತಿತ್ತು. ಈ ಕಾರು ಯೂನಿಟ್ಟಿಗೆ ಏಳು ಕಿಲೋಮೀಟರ್ ಓಡುತ್ತದೆ, ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸು, ಸಾವಿರ ರೂಪಾಯಿಯೊಳಗೆ ತಿಂಗಳು ಮುಗಿಯುತ್ತದೆ. ಕೊಳ್ಳುವಾಗ ಲಕ್ಷಗಟ್ಟಲೆ ಹೆಚ್ಚು ಕೊಟ್ಟಿದ್ದನ್ನು ಈ ಲೆಕ್ಕದಲ್ಲಿ ತರಬಾರದು; ತಂದರೆ ಸುಖ ಕಡಿಮೆಯಾಗುತ್ತದೆ. ಆದರೆ ನನ್ನ ಹೆಂಡತಿ ಬೇರೆ ಲೆಕ್ಕ ತೆಗೆದಳು. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ನಮ್ಮ ಮನೆಗೆ ಸೊನ್ನೆ ಬಿಲ್ಲು ಬರುತ್ತಿತ್ತು. ಇನ್ನೂರು ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು, ಕಾರೊಂದೇ ನೂರೈವತ್ತರ ಹತ್ತಿರ ಕುಡಿಯುತ್ತದೆ. "ಆರು ಸಾವಿರ ಉಳೀತಲ್ಲ" ಎಂದು ನಾನು, "ಸೊನ್ನೆ ಹೋಯ್ತಲ್ಲ" ಎಂದು ಅವಳು. ಕಾರಿಗೆಂದೇ ಬೇರೆ ಮೀಟರ್ ಹಾಕಿಸಿದರೆ ಅದಕ್ಕೆ ಬೇರೆ ದರವಿದೆ, ಮನೆಯ ಸೊನ್ನೆಯೂ ಉಳಿಯುತ್ತದೆ. ಹಾಗೆಂದರೆ ಮತ್ತೆ ಸಂಘದ ಸಭೆ. ಸದ್ಯಕ್ಕೆ ಅವಳ ಸಿಟ್ಟನ್ನೇ ಸಹಿಸಿಕೊಂಡಿದ್ದೇನೆ.

ಕಾರುಗಳ ಶುರುವಿನಲ್ಲಿ ಪೆಟ್ರೋಲಿನದೇ ಮೇಲುಗೈ ಇರಲಿಲ್ಲ ಎಂಬುದು ಸೋಜಿಗ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ನಾಲ್ಕು ಸಾವಿರ ಚಿಲ್ಲರೆ ಕಾರುಗಳಲ್ಲಿ ಪೆಟ್ರೋಲಿನವು ಸಾವಿರವನ್ನೂ ಮುಟ್ಟಿರಲಿಲ್ಲ. ಹಬೆಯವು, ಕರೆಂಟಿನವು ತಲಾ ಒಂದೂವರೆ ಸಾವಿರ ದಾಟಿದ್ದವು. ನಮ್ಮಲ್ಲಿ ಆಗಿನ್ನೂ ಶಿವನಸಮುದ್ರದ ವಿದ್ಯುತ್ತೇ ಹುಟ್ಟಿರಲಿಲ್ಲ. 1902ರಲ್ಲಿ ಹುಟ್ಟಿದ್ದೂ ಕೋಲಾರದ ಚಿನ್ನದ ಗಣಿಗೆ ಹೋಯಿತು, ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಆ ಕಾಲದ ಪೆಟ್ರೋಲ್ ಕಾರನ್ನು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬೇಕಿತ್ತು. ಎಂಜಿನ್ ಎದುರು ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಕರೆಂಟ್ ಕಾರಿಗೆ ಆ ಕಾಟವಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಲೋಕಕ್ಕೆಲ್ಲ ಪೆಟ್ರೋಲ್ ಕಾರು ಮಾರಿದ ಹೆನ್ರಿ ಫೋರ್ಡರ ಹೆಂಡತಿ ಕ್ಲಾರಾ ತಾನು ಓಡಿಸುತ್ತಿದ್ದದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಬ್ಯಾಟರಿ ಕಾರನ್ನು. ಆಮೇಲೆ ಚಾರ್ಲ್ಸ್ ಕೆಟರಿಂಗ್ ಎಂಬಾತ ಹ್ಯಾಂಡಲಿನ ಕೆಲಸ ಮಾಡುವ ಪುಟ್ಟ ಕರೆಂಟ್ ಮೋಟಾರನ್ನು ಹೊಂದಿಸಿದ. 1912ರ ಕ್ಯಾಡಿಲಾಕಿನಲ್ಲಿ ಅದು ಬಂತು. ಪೆಟ್ರೋಲು ಅಗ್ಗವಾಗುತ್ತಿತ್ತು, ಫೋರ್ಡರ ಕಾರು ಇನ್ನೂ ಅಗ್ಗವಾಗುತ್ತಿತ್ತು, ಉಳಿದಿದ್ದ ಒಂದು ಅಡ್ಡಿಯೂ ಹೋಯಿತು. ಕರೆಂಟ್ ಕಾರಿನ ಕತ್ತು ಹಿಸುಕಿದ್ದು ಕರೆಂಟ್ ಮೋಟಾರೇ.

ನಮ್ಮ ಕಡೆ ಹ್ಯಾಂಡಲಿನ ಆಯಸ್ಸು ಇನ್ನೂ ಗಟ್ಟಿಯಿತ್ತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದು ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಕಾಲವನ್ನು ನಮ್ಮಜ್ಜ ಹೇಳುತ್ತಿದ್ದರು. ಬಸ್ಸಿನ ಬೆನ್ನಿಗೆ ಒಂದು ಎತ್ತರದ ಒಲೆ. ಕ್ಲೀನರ್ ಇದ್ದಿಲು ಸುರಿದು ಗಾಳಿಯ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವರಿಳಿಸಿದ ಮೇಲೆ ಬಸ್ಸಿಗೆ ಜೀವ. ತೀರ್ಥಹಳ್ಳಿ ಕಡೆಯ ಏರುಗಳಲ್ಲಿ ಜನ ಇಳಿದು ನಡೆಯುತ್ತಿದ್ದರಂತೆ, ಬಸ್ಸು ಮೇಲೆ ಕಾಯುತ್ತಿತ್ತಂತೆ. ಅಪ್ಪನ ಫಿಯಟ್ಟಿಗೆ ಚಳಿಗಾಲದಲ್ಲಿ ಚೋಕ್ ಎಳೆಯಬೇಕಿತ್ತು. ಜಾಸ್ತಿ ಎಳೆದರೆ ಓವರ್‌ಫ್ಲೋ, ಕಡಿಮೆ ಎಳೆದರೆ ಕೆಮ್ಮು. ಅದೊಂದು ಕೈಗುಣ. ಈಗ ಪೆಟ್ರೋಲ್ ಕಾರನ್ನು ಹೊಗಳುವವರು ನೂರು ವರ್ಷ ತಿದ್ದಿ ತೀಡಿದ ಪೆಟ್ರೋಲ್ ಕಾರನ್ನು ಹೊಗಳುತ್ತಿದ್ದಾರೆ ಎಂಬುದು ನನ್ನ ತಕರಾರು.

ಹಾಗೆಂದು ನನ್ನ ಕಾರಿಗೇನು ಕೊಂಬಿಲ್ಲ. ಒಂದು ಬೆಳಗ್ಗೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಕಣ್ಣೇ ಬಿಡಲಿಲ್ಲ. ಫಿಯಟ್ ಕಾಲದಿಂದ ಗೊತ್ತಿದ್ದ ಮೆಕ್ಯಾನಿಕ್ ಬಂದರು. "ಇದ್ರಲ್ಲಿ ನಂಗೇನು ಕೆಲಸ ಸಾರ್, ಎಣ್ಣೆ ಇಲ್ಲ, ಪ್ಲಗ್ ಇಲ್ಲ, ಕ್ಲಚ್ಚಿಲ್ಲ" ಎಂದು ಅಲ್ಲಿಯವರೆಗೆ ಮುನಿಸಿಕೊಂಡಿದ್ದವರು ಬಾನೆಟ್ ಎತ್ತಿದ್ದೇ ಮುಖ ಅರಳಿಸಿದರು. ಮೂಲೆಯಲ್ಲಿ ಹನ್ನೆರಡು ವೋಲ್ಟಿನ ಮಾಮೂಲಿ ಬ್ಯಾಟರಿ ಕೂತಿತ್ತು. ಕಾರಿನ ಕಂಪ್ಯೂಟರು, ಬೀಗ, ದೀಪ ಎಲ್ಲ ಎಚ್ಚರವಾಗಬೇಕಾದದ್ದು ಅದರಿಂದ; ಅದು ಸತ್ತರೆ ದೊಡ್ಡದಕ್ಕೆ ಅಪ್ಪಣೆ ಕೊಡುವವರೇ ಇಲ್ಲ. ಪಕ್ಕದ ಪೆಟ್ರೋಲ್ ಕಾರಿನಿಂದ ಕೆಂಪು ಕಪ್ಪು ವೈರು ಕಚ್ಚಿಸಿ ಎಬ್ಬಿಸಿದರು. ತಳ್ಳಿ ಸ್ಟಾರ್ಟ್ ಮಾಡುವ ಬಾಬತ್ತು ಇದಕ್ಕಿಲ್ಲ, ಹಗ್ಗ ಕಟ್ಟಿ ಎಳೆಯಲೂ ಬಾರದು, ಲಾರಿಯ ಮೇಲೇ ಹೊರಬೇಕು. ದುಡ್ಡು ಜೇಬಿಗಿಡುತ್ತಾ ಅವರು, "ಬ್ಯಾಟರಿ ಬ್ಯಾಟರೀನೇ ಸಾರ್" ಎಂದು ಹೇಳಿ ಹೋದರು.

ಊರಿಗೆ ಹೋಗುವ ದಾರಿಯಲ್ಲಿ ಲೆಕ್ಕ ಬೇರೆಯಾಗುತ್ತದೆ. ಹೆದ್ದಾರಿಯ ಫಾಸ್ಟ್ ಚಾರ್ಜರ್‌ಗಳಲ್ಲಿ ಯೂನಿಟ್ಟಿಗೆ ಇಪ್ಪತ್ತು ರೂಪಾಯಿಯ ಆಸುಪಾಸು, ಮೇಲೆ ಜಿಎಸ್‌ಟಿ. ಉಳಿತಾಯ ಅರ್ಧಕ್ಕಿಳಿಯುತ್ತದೆ. ಒಂದೊಂದು ಕಂಪನಿಗೂ ಒಂದೊಂದು ಆ್ಯಪ್. ತಿಪಟೂರಿನ ಹತ್ತಿರ ಹೋಟೆಲಿನ ಅಂಗಳದಲ್ಲಿ ನಿಲ್ಲಿಸಿದರೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಎಂಬತ್ತು ಪರ್ಸೆಂಟಿನವರೆಗೆ ಗಬಗಬ ನುಂಗುವ ಬ್ಯಾಟರಿ ಆಮೇಲೆ ಊಟ ಮುಗಿಸಿದ ಮಗುವಿನ ಹಾಗೆ ಒಂದೊಂದು ತುತ್ತಿಗೂ ಹಠ ಮಾಡುತ್ತದೆ. ಅಲ್ಲಿ ಇನ್ನೊಬ್ಬರ ಕಾರು ಮೊದಲೇ ಕಚ್ಚಿಕೊಂಡಿದ್ದರೆ ಅವರ ಇಡ್ಲಿ, ವಡೆ, ಎರಡನೇ ಕಾಫಿ ಎಲ್ಲ ಮುಗಿಯುವವರೆಗೆ ಕಾಯಬೇಕು. ಪೆಟ್ರೋಲ್ ಬಂಕಿನಲ್ಲಿ ನಾನು ಯಾರ ಪರಿಚಯವನ್ನೂ ಮಾಡಿಕೊಂಡವನಲ್ಲ. ಇಲ್ಲಿ ಎಲ್ಲರೂ ಮಾತಾಡುತ್ತಾರೆ, ಬೇರೆ ಕೆಲಸವಿಲ್ಲ.

ತೀರ್ಥಹಳ್ಳಿ ದಾಟಿ ಅಣ್ಣನ ಮನೆ ಮುಟ್ಟಿದ ಮೇಲೆ ನಿಜವಾದ ಪರೀಕ್ಷೆ. ಮೊದಲ ಸಲ ಕೊಟ್ಟಿಗೆಯ ಪಕ್ಕದ ಪಾಯಿಂಟಿಗೆ ಸಿಕ್ಕಿಸಿದರೆ ಚಾರ್ಜರಿನಲ್ಲಿ ಕೆಂಪು ದೀಪ. ಅದೇ ಪಾಯಿಂಟಿನಲ್ಲಿ ಅಡಿಕೆ ಸುಲಿಯುವ ಮಷೀನು ವರ್ಷಗಟ್ಟಲೆ ಓಡಿದೆ. "ನಮ್ಮ ಕರೆಂಟು ಇದಕ್ಕೆ ಮೈಲಿಗೆಯಾ ಮಾರಾಯ?" ಎಂದ ಅಣ್ಣ. ಕರೆಂಟ್ ಕೆಲಸದ ಹುಡುಗ ಬಂದು ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದ. ಫೇಸಿಗೂ ನ್ಯೂಟ್ರಲ್ಲಿಗೂ ಹಿಡಿದರೆ ಬಲ್ಬು ನೆಟ್ಟಗೆ ಉರಿಯಿತು. ಫೇಸಿಗೂ ಅರ್ಥಿಗೂ ಹಿಡಿದರೆ ಮಿಣುಕು. ಅರ್ಥಿಂಗ್ ಸತ್ತುಹೋಗಿತ್ತು. ಬಲ್ಬು, ಮಿಕ್ಸಿ, ಮೋಟಾರು ಯಾವುದೂ ಅದನ್ನು ಕೇಳುವುದಿಲ್ಲ, ಮುಟ್ಟಿದವರಿಗೆ ಶಾಕ್ ಹೊಡೆದಾಗಲೇ ಗೊತ್ತಾಗುವುದು. ಕಾರು ಮಾತ್ರ ಮೊದಲು ಮಣ್ಣಿನ ಸಂಬಂಧ ಸರಿಯಿದೆಯೇ ಎಂದು ನೋಡಿ ಆಮೇಲೆ ಬಾಯಿ ತೆರೆಯುತ್ತದೆ. ಹುಡುಗ ಬಚ್ಚಲ ನೀರು ಹರಿಯುವ ಕಡೆ, ಬಾಳೆಬುಡದಲ್ಲಿ ಆಳದ ಗುಂಡಿ ತೆಗೆದ. ಕೆಳಗೆ ಜಂಬಿಟ್ಟಿಗೆ ಮಣ್ಣು, ಬೇಸಿಗೆಗೆ ಒಣಗಿ ಕಲ್ಲಾಗಿತ್ತು. ಪೈಪು ಇಳಿಸಿ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು ಹಾಕಿ, ಅತ್ತಿಗೆಯಿಂದ ಕೊಡಪಾನ ಇಸಿದುಕೊಂಡು ನೀರು ಹೊಯ್ದ. ಅಜ್ಜನ ಕಾಲದ ಬಸ್ಸಿಗೂ ಇದ್ದಿಲೇ, ನನ್ನ ಕಾರಿಗೂ ಇದ್ದಿಲೇ. ಸಂಜೆ ದೀಪ ಹಸಿರಾಯಿತು.

ಆ ಹುಡುಗನ ಹಿರೀಕರು ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಿಂದ ಇತ್ತ ಬಂದವರು. 1964ರಲ್ಲಿ ಆ ಕಟ್ಟೆ ಮುಗಿದಾಗ ಶರಾವತಿಯ ನೀರು ಎಷ್ಟೋ ಊರು, ಗದ್ದೆ, ತೋಟಗಳನ್ನು ನುಂಗಿತು. ಹುಟ್ಟಿದ ವಿದ್ಯುತ್ತು ದೂರದ ಊರುಗಳನ್ನು ಬೆಳಗಿತು. ಎದ್ದುಬಂದವರ ಎಷ್ಟೋ ಮನೆಗಳಲ್ಲಿ ದಶಕಗಳ ಕಾಲ ಚಿಮಣಿ ಬುಡ್ಡಿಯೇ ಉರಿಯಿತು. "ನಮ್ಮಜ್ಜನ ಮನೆ ಕರೆಂಟಿಗೇ ಹೋಗಿದ್ದು" ಎಂದು ಗುಂಡಿ ಮುಚ್ಚುತ್ತಾ ಅವನು ಹೇಳಿದ್ದರಲ್ಲಿ ಸಿಟ್ಟೇನೂ ಇರಲಿಲ್ಲ. ಹೊಗೆಯಿಲ್ಲದ ಕಾರು ಎಂದು ನಾವು ಬೀಗುವಾಗ ಈ ನೀರು, ರಾಯಚೂರಿನ ಕಲ್ಲಿದ್ದಲು ಎರಡೂ ಲೆಕ್ಕಕ್ಕೆ ಬರಬೇಕು. ಪೆಟ್ರೋಲಿನ ಹಿಂದೆ ಯಾರ ಮನೆ ಮುಳುಗಿದೆಯೋ ನಮಗೆ ಕಾಣುವುದಿಲ್ಲ. ಇದರದು ನಮ್ಮ ಜಿಲ್ಲೆಯಲ್ಲೇ ಇದೆ.

ಊರಿನ ಲೈನಿನಲ್ಲಿ ವೋಲ್ಟೇಜ್ ಕಡಿಮೆ. ರಾತ್ರಿಯಿಡೀ ಹಾಕಿದರೂ ತುಂಬುವುದಿಲ್ಲ, ಮಾರನೇ ದಿನ ಮಧ್ಯಾಹ್ನದ ಊಟದವರೆಗೆ ಇರಲೇಬೇಕು. ಹಿಂದೆ ಪೆಟ್ರೋಲ್ ಕಾರಿನಲ್ಲಿ ಬಂದಾಗ ಕೀಲಿ ಕೈಯಲ್ಲೇ ಹಿಡಿದುಕೊಂಡು ಮಾತಾಡುತ್ತಿದ್ದೆ. ಅತ್ತಿಗೆಗೆ ಈ ಕಾರಿನ ಮೇಲೆ ಪ್ರೀತಿ ಬಂದಿದೆ. ಒಂದು ದಿನ ಬೇಸರಕ್ಕೆ ಆಗುಂಬೆ ಘಾಟಿ ಇಳಿದು ಸೋಮೇಶ್ವರದವರೆಗೆ ಹೋದೆವು. ತಿರುವು ತಿರುವಿಗೆ ಮೋಟಾರೇ ಕಾರನ್ನು ತಡೆದು ಕರೆಂಟನ್ನು ಬ್ಯಾಟರಿಗೆ ಹಿಂದಿರುಗಿಸುತ್ತಿತ್ತು. ಕೆಳಗೆ ಮುಟ್ಟಿದಾಗ ಪರ್ಸೆಂಟು ಇಳಿಯುವುದಿರಲಿ, ಮೂರ್ನಾಲ್ಕು ಏರಿತ್ತು. ಬ್ರೇಕ್ ಕಾದ ವಾಸನೆಯೂ ಇಲ್ಲ. ಅಣ್ಣ ಮೀಟರಿನಿಂದ ಕಣ್ಣು ಕೀಳಲಿಲ್ಲ. ವಾಪಸ್ ಹತ್ತುವಾಗ ಅದು ಗಳಿಸಿದ್ದನ್ನೆಲ್ಲ ಬಡ್ಡಿ ಸಮೇತ ಕಕ್ಕಿದಾಗಲೂ ನೋಡುತ್ತಲೇ ಇದ್ದ.

ಮನೆಗೆ ಬಂದು ಕಾಲು ತೊಳೆದುಕೊಳ್ಳುವಾಗ ಕೇಳಿದ, "ನಾನೂ ಒಂದು ತಗಳಾದಾ ಅಂತ. ನಿಮ್ಮ ಕಿಲೋಮೀಟರು ಗಿಲೋಮೀಟರು ಎಲ್ಲ ನಂಗೆ ಬೇಡ. ಅಡಿಕೆ ಸುಲಿಯೋ ಮಷೀನೂ ಇದೂ ಒಟ್ಟಿಗೆ ಓಡ್ತದಾ ಹೇಳು."

"ಈ ಲೈನಲ್ಲಿ ಓಡಲ್ಲ ಅಣ್ಣ."

"ಹಂಗಾದ್ರೆ ಕೊಯ್ಲು ಮುಗೀಲಿ" ಎಂದು ಟವೆಲ್ಲಿಗೆ ಕೈ ಚಾಚಿದ.